ಟ್ರಕ್ ಸ್ಟಾಪಿನಲ್ಲಿ ರಾತ್ರಿ ಕಾರ್ಗೋ ವ್ಯಾನ್ ನಿಲ್ಲಿಸಬಹುದೇ?

ಅಮೆರಿಕದಲ್ಲಿ ಕಾರ್ಗೋ ವ್ಯಾನ್ ಓಡಿಸುವವರು, ಓಡಿಸಬೇಕೆಂದು ಗಾಡಿ ನೋಡುತ್ತಿರುವವರು ತಿರುಗಿ ತಿರುಗಿ ಕೇಳುವುದು ಇದನ್ನೇ: "ಟ್ರಕ್ ಸ್ಟಾಪಿನಲ್ಲಿ ರಾತ್ರಿ ವ್ಯಾನ್ ಹಾಕಿ ಮಲಗಬಹುದಾ? ಮಲಗಿದರೆ ಟ್ರಕ್ಕಿನವರು ಯಾಕೆ ಬಂದು ಬಾಗಿಲು ಬಡೀತಾರೆ? ನಾವೂ ಲೋಡ್ ಹೊಡೆಯೋರೇ ಅಲ್ವಾ?"

ಟ್ರಕ್ ಸ್ಟಾಪ್ ಎಂದರೆ ಇಂಧನ, ಊಟ, ಸ್ನಾನದ ಜೊತೆ ಟ್ರಕ್ಕು ನಿಲ್ಲಿಸಲು ಜಾಗವೂ ಇರುವ ಹೆದ್ದಾರಿ ಬದಿಯ ದೊಡ್ಡ ಬಂಕು. ಅಲ್ಲಿ ಮಲಗಬಹುದು. ಆದರೆ ಟ್ರಕ್ಕುಗಳ ಸಾಲಿನಲ್ಲಿ ಅಲ್ಲ, ಕಾರುಗಳ ಕಡೆ. ಅದೂ ಒಳಗೆ ಹೋಗಿ ಕೇಳಿಕೊಂಡು. ಸಂಜೆ ಆರರಿಂದ ಬೆಳಗಿನ ಐದರವರೆಗೆ ಟ್ರಕ್ಕಿನ ಜಾಗಕ್ಕೆ ವ್ಯಾನ್ ನುಗ್ಗಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಕಾರಣ ಗೊತ್ತಾದರೆ ಬಾಗಿಲು ಬಡಿಯುವವರ ಸಿಟ್ಟೂ ಅರ್ಥವಾಗುತ್ತದೆ.

ಟ್ರಕ್ ಚಾಲಕ ಗಡಿಯಾರಕ್ಕೆ ಕಟ್ಟುಬಿದ್ದವನು. ಸತತ 10 ಗಂಟೆ ವಿಶ್ರಾಂತಿ ಆದಮೇಲೆ ಅವನಿಗೆ 14 ಗಂಟೆಯ ಕೆಲಸದ ಅವಧಿ ಸಿಗುತ್ತದೆ. ಅದರೊಳಗೆ ಸ್ಟಿಯರಿಂಗ್ ಹಿಡಿಯಲು 11 ಗಂಟೆ ಮಾತ್ರ. 2017ರ ಡಿಸೆಂಬರಿನಿಂದ ಈ ಲೆಕ್ಕ ಬರೆಯುವುದು ಗಾಡಿಯ ಎಂಜಿನ್ನಿಗೇ ಜೋಡಿಸಿದ ಇಎಲ್‌ಡಿ ಯಂತ್ರ. ಕಾಗದದ ಲಾಗ್‌ಬುಕ್ಕಿನ ಕಾಲದಂತೆ ಹತ್ತು ನಿಮಿಷ ಹೆಚ್ಚುಕಡಿಮೆ ಬರೆದುಕೊಳ್ಳಲು ಆಗುವುದಿಲ್ಲ. ರಾತ್ರಿ ಎಂಟಕ್ಕೆ ಅವಧಿ ಮುಗಿಯುವವನು ಏಳೂಮುಕ್ಕಾಲಿಗೆ ಟ್ರಕ್ ಸ್ಟಾಪಿಗೆ ಬಂದಾಗ ಜಾಗ ಇಲ್ಲದಿದ್ದರೆ, ಒಂದೋ ನಿಯಮ ಮುರಿದು ಮುಂದೆ ಹೋಗಬೇಕು, ಇಲ್ಲವೇ ಹೆದ್ದಾರಿ ಹತ್ತಿ ಇಳಿಯುವ ದಾರಿಯ ಅಂಚಿನಲ್ಲಿ ನಿಲ್ಲಿಸಿ ಜೀವ ಕೈಯಲ್ಲಿ ಹಿಡಿದು ಮಲಗಬೇಕು. 53 ಅಡಿಯ ಟ್ರೇಲರ್ ಎಳೆಯುವ ಗಾಡಿ ತುದಿಯಿಂದ ತುದಿಗೆ 70 ಅಡಿ ದಾಟುತ್ತದೆ. ಅದನ್ನು ಅಂಗಡಿಯ ಮುಂದೆ ನಿಲ್ಲಿಸಲಾಗದು.

ಇಡೀ ದೇಶದಲ್ಲಿ ಟ್ರಕ್ಕಿಗೆಂದು ಇರುವ ಜಾಗ ಸುಮಾರು 3,13,000. ಅದರಲ್ಲಿ ಸರಕಾರಿ ರೆಸ್ಟ್ ಏರಿಯಾಗಳಲ್ಲಿರುವುದು 40,000 ಮಾತ್ರ, ಉಳಿದದ್ದೆಲ್ಲ ಖಾಸಗಿ ಟ್ರಕ್ ಸ್ಟಾಪುಗಳದು. ಸರಕಾರ 2019ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುರಕ್ಷಿತ ಜಾಗ ಸಿಗುವುದು ಕಷ್ಟ ಎಂದ ಚಾಲಕರು ನೂರಕ್ಕೆ 98 ಮಂದಿ. ಆ ಸಮೀಕ್ಷೆಗೆ ಆಧಾರವಾದ ಕಾನೂನಿನ ಹೆಸರೇ 'ಜೇಸನ್ಸ್ ಲಾ'. ಲೋಡ್ ಇಳಿಸುವ ಹೊತ್ತಿಗೆ ಮೊದಲೇ ತಲುಪಿ, ನಿಲ್ಲಲು ಬೇರೆ ಕಡೆ ಇಲ್ಲದೆ ದಕ್ಷಿಣ ಕೆರೊಲಿನಾದ ಒಂದು ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ಟ್ರಕ್ ಹಾಕಿಕೊಂಡಿದ್ದ ಜೇಸನ್ ಎಂಬ ಚಾಲಕನನ್ನು 2009ರ ಮಾರ್ಚಿನಲ್ಲಿ ಗುಂಡಿಟ್ಟು ಕೊಂದರು. ದೋಚಿದ್ದು ಏಳು ಡಾಲರ್. ಅವನ ಹೆಂಡತಿಯ ಹೋರಾಟದಿಂದ 2012ರಲ್ಲಿ ಕಾನೂನು ಬಂತು. ಟ್ರಕ್ಕಿನವರು ಒಂದು ಜಾಗಕ್ಕಾಗಿ ಅಷ್ಟು ರೇಗುವುದರ ಹಿಂದೆ ಇದೆಲ್ಲ ಇದೆ.

ವ್ಯಾನಿನವರಿಗೆ ಆ ಗಡಿಯಾರ ಇಲ್ಲ. ಗಾಡಿಯ ಒಟ್ಟು ತೂಕದ ಮಿತಿ 10,001 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಆ ಅವಧಿ ನಿಯಮ, ಇಎಲ್‌ಡಿ ಎಲ್ಲ ಅನ್ವಯಿಸುತ್ತವೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಜಿವಿಡಬ್ಲ್ಯೂಆರ್ (ಅದೇ ಒಟ್ಟು ತೂಕದ ಮಿತಿ) ಎಂದಿರುವ ಅಂಕಿ ನೋಡಿ. ಮರ್ಸಿಡಿಸ್ ಸ್ಪ್ರಿಂಟರ್ 2500 ವ್ಯಾನ್ ಇದ್ದರೆ ಸುಮಾರು 9,050 ಇರುತ್ತದೆ. ಅದೇ ಸ್ಪ್ರಿಂಟರಿನ ಹಿಂದೆ ಜೋಡಿ ಚಕ್ರವಿರುವ ಮಾದರಿ, ಫೋರ್ಡ್ ಟ್ರಾನ್ಸಿಟ್‌ನ ಕೆಲವು ಭಾರೀ ಮಾದರಿಗಳು 10,001 ದಾಟುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾರುವವನ ಮಾತು ನಂಬದೆ ಈ ಚೀಟಿಯನ್ನೇ ನಂಬಬೇಕು. ಚೀಟಿಯಲ್ಲಿ ಕಡಿಮೆ ಇದ್ದು, ಸರಕು ತುಂಬಿದ ಗಾಡಿ ತಕ್ಕಡಿಯ ಮೇಲೆ 10,001 ಮುಟ್ಟಿದರೂ ನಿಯಮ ಹತ್ತಿಕೊಳ್ಳುತ್ತದೆ. ಅಪಾಯಕಾರಿ ಸರಕೆಂದು ಫಲಕ ಅಂಟಿಸಬೇಕಾದ ಲೋಡ್ ಹಾಕಿದರೂ ಅಷ್ಟೇ. ಕೆನಡಾದಲ್ಲಿ ಈ ಗೆರೆ 4,500 ಕಿಲೋ ಮೇಲ್ಪಟ್ಟ ಗಾಡಿಗಳಿಗೆ.

ಗಡಿಯಾರ ಇಲ್ಲದವರು ಇನ್ನೂ ಹತ್ತು ಮೈಲಿ ಮುಂದೆ ಹೋಗಬಹುದು, 24 ಅಡಿಯೊಳಗಿನ ಗಾಡಿಯನ್ನು ಕಾರಿನ ಸಾಲಿನಲ್ಲೂ ತೂರಿಸಬಹುದು. ಟ್ರಕ್ಕಿನವನಿಗೆ ಈ ಎರಡೂ ಆಗದು. ಊರಿನಲ್ಲಿ ತುಮಕೂರು–ಚಿತ್ರದುರ್ಗ ರಸ್ತೆಯ ಡಾಬಾ ಮುಂದೆ ಹದಿನಾಲ್ಕು ಚಕ್ರದ ಲಾರಿಯ ಪಕ್ಕದಲ್ಲೇ ಟಾಟಾ ಏಸ್ ಹಾಕಿ ಮಲಗುತ್ತಾರೆ, ಯಾರೂ ಕೇಳುವುದಿಲ್ಲ. ಅಲ್ಲಿ ನೆಲದ ಮೇಲೆ ಗೆರೆ ಇಲ್ಲ, ಇರುವ ಬಯಲಿನಲ್ಲಿ ಹೊಂದಿಸಿಕೊಳ್ಳುತ್ತಾರೆ. ಆ ಅಭ್ಯಾಸ ಇಲ್ಲಿಗೆ ತಂದರೆ ಮೊದಲ ರಾತ್ರಿಯೇ ಜಗಳ.

ಜಗಳಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ರಾತ್ರಿ ಟ್ರಕ್ ಸ್ಟಾಪಿನಲ್ಲಿ ಚಾಲಕ ಖಾಲಿ ಜಾಗ ಹುಡುಕುವುದು ಗಾಡಿಗಳ ಮೂತಿ ನೋಡಿಕೊಂಡು. ಸಾಲಾಗಿ ನಿಂತ ಟ್ರಕ್ಕುಗಳ ಮೂತಿ ಒಂದೇ ಗೆರೆಯಲ್ಲಿರುತ್ತವೆ, ನಡುವೆ ಒಂದು ಮೂತಿ ಕಾಣದಿದ್ದರೆ ಅದು ಖಾಲಿ ಎಂದರ್ಥ. 70 ಅಡಿಯ ಜಾಗದ ಹಿಂಭಾಗಕ್ಕೆ ಅಂಟಿಕೊಂಡು ನಿಂತ ವ್ಯಾನಿನ ಮೂತಿ ಅಲ್ಲಿ ಕಾಣುವುದೇ ಇಲ್ಲ. ಅವನು ಟ್ರೇಲರನ್ನು ಆ ಸಂದಿಗೆ ರಿವರ್ಸ್ ಹಾಕಲು ಶುರುಮಾಡುತ್ತಾನೆ. ಟ್ರೇಲರಿನ ಬೆನ್ನ ಹಿಂದೆ ಏನಿದೆ ಎಂಬುದು ಅವನ ಕನ್ನಡಿಯಲ್ಲಿ ಬೀಳದು, ವ್ಯಾನಿನೊಳಗೆ ಮಲಗಿದವನಿಗೂ ತಿಳಿಯದು. ಯಾವುದೋ ಅನಿವಾರ್ಯಕ್ಕೆ ಟ್ರಕ್ಕಿನ ಜಾಗದಲ್ಲಿ ನಿಲ್ಲಬೇಕಾಗಿ ಬಂದರೆ ಮೂತಿಯನ್ನು ಮುಂದಿನ ಗೆರೆಯವರೆಗೂ ತಂದು, ಪಕ್ಕದ ಟ್ರಕ್ಕುಗಳ ಮೂತಿಗೆ ಸರಿಸಮವಾಗಿ ನಿಲ್ಲಿಸಿ. ಸಾಲಿನ ಕೊನೆಯ ಜಾಗವಂತೂ ಬೇಡವೇ ಬೇಡ. ತಿರುವು ತೆಗೆದುಕೊಳ್ಳುವಾಗ ಟ್ರೇಲರಿನ ಹಿಂಚಕ್ರಗಳು ಒಳಕ್ಕೆ ಸವರಿಕೊಂಡು ಬರುತ್ತವೆ, ಏಟು ತಿನ್ನುವುದು ಯಾವಾಗಲೂ ಮೂಲೆಯ ಗಾಡಿ.

ಹಾಗಾದರೆ ಎಲ್ಲಿ? ಪೈಲಟ್, ಲವ್ಸ್, ಟಿಎಯಂಥ ದೊಡ್ಡ ಟ್ರಕ್ ಸ್ಟಾಪುಗಳಿಗೆ ಎರಡು ಮುಖ. ಟ್ರಕ್ಕುಗಳು ಹಿಂದೆ, ಕಾರುಗಳು ಮುಂದೆ. ಮುಂದಿನ ಅಂಗಳದಲ್ಲಿ ಅಂಗಡಿಯ ಬಾಗಿಲಿಗೆ ಹತ್ತಿರ ಇರುವ ಜಾಗ ಬಿಟ್ಟು, ಪಕ್ಕದ ಗೋಡೆಯ ಕಡೆ ಅಥವಾ ದೂರದ ಅಂಚಿಗೆ ಹೋಗಿ. ನಿಲ್ಲಿಸುವ ಮುನ್ನ ಕಂಬಗಳನ್ನು ಒಂದು ಸುತ್ತು ನೋಡಿ. 'ಎರಡು ಗಂಟೆ ಮಾತ್ರ' ಎಂಬ ಫಲಕ ಇದೆಯೇ, ಗಾಡಿ ಎಳೆದೊಯ್ಯುವ ಕಂಪನಿಯ ಫೋನ್ ನಂಬರು ಬರೆದಿದ್ದಾರೆಯೇ ಎಂದು. ನಂಬರ್ ಇರುವಲ್ಲಿ ಅದನ್ನು ಬರೀ ಬೆದರಿಕೆ ಎಂದುಕೊಳ್ಳಬೇಡಿ. ಗಾಡಿ ಬಿಡಿಸಿಕೊಳ್ಳಲು ನೂರಾರು ಡಾಲರ್ ಬೇಕು, ಲೋಡ್ ಒಳಗಿದ್ದರೆ ಡೆಲಿವರಿಯೂ ಕೈತಪ್ಪುತ್ತದೆ.

ಆಮೇಲೆ ಒಳಗೆ ಹೋಗಿ ಕೇಳಿ. ಕೌಂಟರಿನಲ್ಲಿರುವ ಹುಡುಗನನ್ನಲ್ಲ, ಆ ಪಾಳಿಯ ಮ್ಯಾನೇಜರನ್ನು. ಡೀಸೆಲ್ಲೋ ಊಟವೋ ತೆಗೆದುಕೊಂಡ ಮೇಲೆ, ರಸೀದಿ ಕೈಯಲ್ಲಿ ಹಿಡಿದು ಕೇಳಿದರೆ ಮಾತಿಗೆ ತೂಕ. ಹೇಳಬೇಕಾದ್ದು ಇಷ್ಟೇ: ಕಾರ್ಗೋ ವ್ಯಾನ್, ಬಣ್ಣ ಇಂಥದ್ದು, ಪ್ಲೇಟಿನ ಕೊನೆಯ ನಾಲ್ಕು ಅಂಕಿ ಇವು, ಬೆಳಗ್ಗೆ ಆರಕ್ಕೆ ಹೊರಡುತ್ತೇನೆ, ಎಲ್ಲಿ ನಿಲ್ಲಿಸಿದರೆ ನಿಮಗೆ ತೊಂದರೆ ಇಲ್ಲ? 'ನಿಲ್ಲಿಸಬಹುದಾ' ಎಂದರೆ 'ಇಲ್ಲ' ಎನ್ನುವುದು ಸುಲಭ. 'ಎಲ್ಲಿ' ಎಂದರೆ ಅವರು ಜಾಗ ಯೋಚಿಸುತ್ತಾರೆ. ಒಪ್ಪಿದವರ ಹೆಸರು, ಹೊತ್ತು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಡುರಾತ್ರಿ ಪಾಳಿ ಬದಲಾಗಿ ಸೆಕ್ಯುರಿಟಿಯವರು ಬಂದು ಟಾರ್ಚ್ ಬಿಟ್ಟಾಗ ಆ ಹೆಸರು ಕೆಲಸಕ್ಕೆ ಬರುತ್ತದೆ.

'ರಿಸರ್ವ್‌ಡ್' ಎಂದು ಬರೆದ ಜಾಗಗಳಲ್ಲಿ ಒಂದು ನಿಮಿಷವೂ ನಿಲ್ಲಬೇಡಿ. ಅವು ದುಡ್ಡು ಕೊಟ್ಟು ಮುಂಗಡವಾಗಿ ಹಿಡಿದಿಟ್ಟವು, ಖಾಲಿ ಕಂಡರೂ ಯಾರೋ ದಾರಿಯಲ್ಲಿರುತ್ತಾರೆ.

ರಾತ್ರಿಯೆಲ್ಲ ಓಡಿಸಿ ಬೆಳಗ್ಗೆ ಲೋಡ್ ಇಳಿಸಿದವರಿಗೆ ಒಂದು ಅನುಕೂಲ ಉಂಟು. ಬೆಳಗಿನ ಐದು–ಆರರ ಹೊತ್ತಿಗೆ 10 ಗಂಟೆ ವಿಶ್ರಾಂತಿ ಮುಗಿಸಿದ ಟ್ರಕ್ಕುಗಳು ಸಾಲುಸಾಲಾಗಿ ಹೊರಡುತ್ತವೆ. ಎಂಟಕ್ಕೆಲ್ಲ ಅರ್ಧ ಅಂಗಳ ಖಾಲಿ. ಆಗ ಹಿಂದಿನ ಕಡೆ ನಿಂತು ಮಧ್ಯಾಹ್ನದವರೆಗೆ ನಿದ್ದೆ ತೆಗೆದರೆ ಯಾರ ಅನ್ನವನ್ನೂ ಕಸಿದಂತಾಗದು.

ಸರಕಾರಿ ರೆಸ್ಟ್ ಏರಿಯಾಗಳು ಇನ್ನೊಂದು ದಾರಿ, ಆದರೆ ರಾಜ್ಯಕ್ಕೊಂದು ನಿಯಮ. ಟೆಕ್ಸಾಸಿನಲ್ಲಿ 24 ಗಂಟೆ, ಕ್ಯಾಲಿಫೋರ್ನಿಯಾದಲ್ಲಿ 8 ಗಂಟೆ, ಫ್ಲಾರಿಡಾದಲ್ಲಿ 3 ಗಂಟೆ. ಫ್ಲಾರಿಡಾದಲ್ಲಿ ಅವಧಿ ನಿಯಮಕ್ಕೆ ಒಳಪಟ್ಟ ಟ್ರಕ್ ಚಾಲಕರಿಗೆ ಹೆಚ್ಚು ಹೊತ್ತು ಬಿಡುತ್ತಾರೆ. ನಿಮ್ಮ ವ್ಯಾನ್ ಆ ನಿಯಮದ ಹೊರಗಿರುವುದರಿಂದ ಕಾರಿನ ಲೆಕ್ಕಕ್ಕೇ ಬರುತ್ತದೆ. ಹಗಲು ಹೊತ್ತು ಉಪಕಾರ ಮಾಡಿದ ವಿನಾಯಿತಿಯೇ ರಾತ್ರಿ ಕೈಕೊಡುವುದು ಹೀಗೆ. ಅಂತರರಾಜ್ಯ ಹೆದ್ದಾರಿಯ ರೆಸ್ಟ್ ಏರಿಯಾದಲ್ಲಿ ಊಟದ ಅಂಗಡಿ ಇಡಲು ಕೇಂದ್ರ ಕಾನೂನೇ ಬಿಡುವುದಿಲ್ಲ, ವೆಂಡಿಂಗ್ ಯಂತ್ರ ಬಿಟ್ಟರೆ ಬೇರೇನೂ ಸಿಗದು, ಊಟ ಮೊದಲೇ ಮುಗಿಸಿ ಹೋಗಿ. ಓಹಾಯೊ, ಪೆನ್ಸಿಲ್ವೇನಿಯಾ ಟರ್ನ್‌ಪೈಕ್‌ನಂಥ ಟೋಲ್ ರಸ್ತೆಗಳ ಸರ್ವಿಸ್ ಪ್ಲಾಜಾಗಳಲ್ಲಿ ಊಟ, ಇಂಧನ ಎರಡೂ ಇರುತ್ತದೆ.

ವಾಲ್‌ಮಾರ್ಟಿನಲ್ಲಿ ಅಂಗಡಿ ಅಂಗಡಿಗೂ ಬೇರೆ ತೀರ್ಮಾನ. ಊರಿನ ಕಟ್ಟಳೆಯೇ ಅಡ್ಡ ಬಂದರೆ ಮ್ಯಾನೇಜರ್ ಮನಸ್ಸು ಮಾಡಿದರೂ ಆಗದು, ಹಾಗಾಗಿ ಸಂಜೆಗೆ ಮುನ್ನ ಫೋನ್ ಮಾಡಿ ಕೇಳಿ. ಹೋಟೆಲ್ ಹಿಡಿದರೆ ಒಳಗಿನ ಪಾರ್ಕಿಂಗ್ ಕಟ್ಟಡದ ಎತ್ತರ ವಿಚಾರಿಸಿ. ಎತ್ತರದ ಚಾವಣಿಯ ಟ್ರಾನ್ಸಿಟ್, ಸ್ಪ್ರಿಂಟರ್ 9 ಅಡಿ ದಾಟುತ್ತವೆ, ಅಂಥ ಕಟ್ಟಡಗಳ ಬಾಗಿಲು ಹೆಚ್ಚಾಗಿ 7 ಅಡಿಯ ಆಸುಪಾಸು.

ಎಲ್ಲಕ್ಕಿಂತ ಒಳ್ಳೆಯ ಜಾಗ ಲೋಡ್ ಇಳಿಸುವ ಜಾಗವೇ. ಲೋಡ್ ಒಪ್ಪಿಕೊಳ್ಳುವಾಗಲೇ ಲೋಡ್ ಗೊತ್ತುಮಾಡಿಕೊಡುವ ಡಿಸ್ಪ್ಯಾಚರ್‌ಗೆ ಕೇಳಬೇಕು: ರಾತ್ರಿ ಮೊದಲೇ ತಲುಪಿದರೆ ಗೇಟಿನೊಳಗೆ ನಿಲ್ಲಲು ಬಿಡುತ್ತಾರಾ, ಶೌಚಾಲಯ ಇದೆಯಾ? ಬಿಡುತ್ತಾರೆ ಎಂದರೆ ಆ ಮಾತು ಬಾಡಿಗೆ, ಷರತ್ತು ಬರೆದುಕೊಡುವ ರೇಟ್ ಕನ್ಫರ್ಮೇಶನ್ ಕಾಗದದಲ್ಲಿ ಬರಲಿ. ಬಾಯಿಮಾತಿಗೆ ಗೇಟಿನ ಕಾವಲುಗಾರ ಕಿವಿಗೊಡುವುದಿಲ್ಲ.

ಜಾಗ ಸಿಕ್ಕಿದ ಮೇಲೆ ರಾತ್ರಿ ಕಳೆಯುವ ವಿಷಯ. ಹಿಂಬಾಗಿಲು ಗೋಡೆಗೋ ಬೇಲಿಗೋ ಒಂದು ಅಡಿ ಬಿಟ್ಟು ಬರುವಂತೆ ನಿಲ್ಲಿಸಿದರೆ ಕಳ್ಳ ಬಾಗಿಲು ತೆರೆಯಲಾರ. ಗರ್‌ಗುಟ್ಟುವ ರೀಫರ್ (ಸರಕು ತಂಪಾಗಿಡುವ) ಟ್ರೇಲರಿನ ಪಕ್ಕ ಬೇಡ. ಅದರ ಎಂಜಿನ್ ರಾತ್ರಿಯಿಡೀ ನಿಂತು ನಿಂತು ಶುರುವಾಗುತ್ತದೆ, ಹೊಗೆ ನಿಮ್ಮ ಕಿಟಕಿಯ ಮಟ್ಟಕ್ಕೇ ಬರುತ್ತದೆ. ಹಿಮ ಬೀಳುವ ದಿನ ಅಂಗಳದ ಅಂಚೂ ಬೇಡ, ಹಿಮ ತಳ್ಳುವ ಗಾಡಿ ರಾಶಿ ಹಾಕುವುದು ಅಲ್ಲಿಯೇ.

ಚಳಿಗೆ ಎಂಜಿನ್ ಓಡಲು ಬಿಟ್ಟು ಮಲಗುವುದು ಮೂರು ರೀತಿಯಲ್ಲಿ ನಷ್ಟ. ಗಂಟೆಗೆ ಅರ್ಧ ಗ್ಯಾಲನ್‌ವರೆಗೆ ಇಂಧನ ಹೋಗುತ್ತದೆ. ಡೀಸೆಲ್ ವ್ಯಾನಿನಲ್ಲಿ ನಿಂತಲ್ಲೇ ಓಡುವ ಎಂಜಿನ್ ಹೊಗೆಕೊಳವೆಯ ಡಿಪಿಎಫ್ ಫಿಲ್ಟರಿಗೆ ಮಸಿ ಕಟ್ಟಿಸುತ್ತದೆ, ಅದನ್ನು ಸುಟ್ಟು ಶುದ್ಧ ಮಾಡಿಕೊಳ್ಳುವಷ್ಟು ಬಿಸಿ ನಿಂತ ಗಾಡಿಯಲ್ಲಿ ಹುಟ್ಟುವುದಿಲ್ಲ. ಮೂರನೆಯದು ದಂಡ: ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ನಗರದಲ್ಲಿ ನಿಂತಲ್ಲೇ ಎಂಜಿನ್ ಓಡಿಸಲು 3 ನಿಮಿಷದ ಮಿತಿ ಇದೆ. ಇದಕ್ಕೆ ಎಬರ್‌ಸ್ಪೇಶರ್, ವೆಬಾಸ್ಟೊ ತಯಾರಿಸುವ 2 ಕಿಲೋವ್ಯಾಟ್‌ನ ಏರ್ ಹೀಟರ್ ಸರಿಯಾದ ಉತ್ತರ. ಗಾಡಿಯ ಟ್ಯಾಂಕಿನಿಂದಲೇ ಎಳೆದುಕೊಂಡು ಗಂಟೆಗೆ 0.1ರಿಂದ 0.28 ಲೀಟರ್ ಉರಿಸುತ್ತದೆ, ಎಂಟು ಗಂಟೆಗೆ ಒಂದೆರಡು ಲೀಟರಿನಲ್ಲಿ ಮುಗಿಯುತ್ತದೆ. ಹೊತ್ತಿಕೊಳ್ಳುವಾಗ ಕೆಲವು ನಿಮಿಷ ಬ್ಯಾಟರಿಯಿಂದ ಹೆಚ್ಚು ಕರೆಂಟ್ ಎಳೆಯುತ್ತದೆ, ಹಾಗಾಗಿ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಕಟ್ಟದೆ ಎರಡನೆಯದಕ್ಕೆ ಕಟ್ಟಿಸಿ. ಅದರ ಹೊಗೆಕೊಳವೆ ಗಾಡಿಯ ತಳ ದಾಟಿ ಹೊರಗೆ ಬಂದಿರಬೇಕು, ಬಾಗಿಲಿನ ಕೆಳಗೆ ಕೊನೆಗೊಳ್ಳಬಾರದು.

ಎಂಜಿನ್ ಇರಲಿ, ಹೀಟರ್ ಇರಲಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಮಲಗಬೇಡಿ. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಲಾರಂ ತಲೆದಿಂಬಿನ ಎತ್ತರದಲ್ಲಿರಲಿ. ಹಿಮ ಬಿದ್ದ ರಾತ್ರಿ ಕೊಳವೆಯ ಬಾಯಿ ಮುಚ್ಚಿಹೋಗಿದೆಯೇ ಎಂದು ಎದ್ದು ನೋಡಬೇಕು. ಪ್ರೊಪೇನ್ ಸಿಲಿಂಡರಿನ ಒಲೆ ಹಚ್ಚಿಟ್ಟು ಮಲಗುವುದಂತೂ ಕೂಡದು.

ಸ್ನಾನದ ಲೆಕ್ಕವನ್ನೂ ಕೇಳುತ್ತಾರೆ. ಟ್ರಕ್ಕಿನವರಿಗೆ ಸಾಮಾನ್ಯವಾಗಿ ಒಮ್ಮೆಗೆ 50 ಗ್ಯಾಲನ್ ತುಂಬಿಸಿದರೆ ಟ್ರಕ್ ಸ್ಟಾಪಿನ ಸದಸ್ಯ ಕಾರ್ಡಿಗೆ ಒಂದು ಸ್ನಾನ ಜಮೆಯಾಗುತ್ತದೆ. ವ್ಯಾನಿನ ಟ್ಯಾಂಕೇ ಸುಮಾರು 25 ಗ್ಯಾಲನ್ ಆದ್ದರಿಂದ ಆ ಲಾಭ ನಮಗಿಲ್ಲ, 15–20 ಡಾಲರ್ ಕೊಟ್ಟೇ ಸ್ನಾನ ಮಾಡಬೇಕು. ಸ್ನಾನ ಜಮೆಯಾದೀತೆಂಬ ಆಸೆಗೆ ಟ್ರಕ್ಕಿನ ಕಡೆಯ ಪಂಪಿಗೆ ಹೋಗಬೇಡಿ. ಅಲ್ಲಿನ ನಳಿಕೆ ದಪ್ಪ, ವ್ಯಾನಿನ ಬಾಯಿಗೆ ಸರಿಯಾಗಿ ಕೂರುವುದಿಲ್ಲ. ಡೀಸೆಲ್ ರಭಸಕ್ಕೆ ನೊರೆ ಎದ್ದು ಬಟ್ಟೆಯ ಮೇಲೆ ಚೆಲ್ಲುತ್ತದೆ. ಕಾರಿನ ಕಡೆ ಡೀಸೆಲ್ ಪಂಪು ಒಂದೆರಡಾದರೂ ಇರುತ್ತವೆ, ಅಲ್ಲೇ ತುಂಬಿಸಿ, ಅದೇ ರಸೀದಿ ಹಿಡಿದು ರಾತ್ರಿಯ ಜಾಗ ಕೇಳಿ.