ಬ್ರೂನೋಗೆ ಕುಚ್ಚಲಕ್ಕಿ ಗಂಜಿ

ಹೋದ ಜುಲೈಯಲ್ಲಿ ಮನೆಮಂದಿಯೆಲ್ಲ ಸೇರಿ ಒಂದು ವಾರ ಕಡಲ ಬದಿಯಲ್ಲಿ ಕಳೆದೆವು. ಜನ 13, ನಾಯಿ 3. ಊರು ಆರಿಸಿದ್ದು ಮಾತ್ರ ನಾವಲ್ಲ, ನಾಯಿಗಳು.

ನಾರ್ತ್ ಕೆರೊಲಿನಾದ ಪೂರ್ವದ ಅಂಚಿನಲ್ಲಿ, ನೆಲದಿಂದ ಬೇರೆಯಾಗಿ ಅಟ್ಲಾಂಟಿಕ್‌ನೊಳಗೆ ನಿಂತ ಉದ್ದನೆಯ ಮರಳಪಟ್ಟಿಗೆ ಔಟರ್ ಬ್ಯಾಂಕ್ಸ್ ಅನ್ನುತ್ತಾರೆ. ನಾವಿರುವ ಕೇರಿಯಿಂದ (ಬೀದಿಯಲ್ಲ, ಊರಿನ ಹೆಸರೇ ಅದು) ಸುಮಾರು ನಾಲ್ಕು ಗಂಟೆಯ ದಾರಿ. ಅಲ್ಲಿ ಊರೂರಿಗೂ ನಾಯಿಯ ಕಾನೂನು ಬೇರೆ. 1903ರಲ್ಲಿ ರೈಟ್ ಸಹೋದರರು ವಿಮಾನ ಹಾರಿಸಿದ ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 9ರಿಂದ ಸಂಜೆ 6ರ ತನಕ ನಾಯಿ ಮರಳಿಗೆ ಕಾಲಿಡುವಂತಿಲ್ಲ. ನಾಗ್ಸ್ ಹೆಡ್‌ನಲ್ಲಿ ಬರಬಹುದು, ಆದರೆ ಹಗ್ಗ 10 ಅಡಿಗಿಂತ ಉದ್ದ ಇರಬಾರದು. ಡಕ್ ಎಂಬ ಊರಲ್ಲಿ ಮಾತ್ರ ಯಜಮಾನ ಕಣ್ಣಿಟ್ಟಿದ್ದರೆ ಸಾಕು, ಹಗ್ಗವೇ ಬೇಡ. ಹಾಗಾಗಿ ಡಕ್.

ಇಲ್ಲಿ ಬೇಸಿಗೆಯಲ್ಲಿ ಮನೆ ವಾರದ ಲೆಕ್ಕದಲ್ಲೇ ಸಿಗುವುದು, ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಸೇತುವೆ ದಾಟುವ ಕಾರುಗಳೂ ಆವತ್ತೇ, ಹಾಗಾಗಿ ನಾಲ್ಕು ಗಂಟೆಯ ದಾರಿ ಆರಾಯಿತು. ಬಹುತೇಕ ಮನೆಗಳು ಎರಡು ನಾಯಿಗಿಂತ ಹೆಚ್ಚು ಒಪ್ಪುವುದಿಲ್ಲ. ಮೂರಕ್ಕೆ ಹೂಂ ಅಂದ ಮನೆ ಹುಡುಕುವಷ್ಟರಲ್ಲಿ ನನ್ನ ಗಂಡನಿಗೆ ಸಾಕಾಗಿಹೋಗಿತ್ತು. ನಾಯಿಗಳಿಗೆ ಬೇರೆಯೇ ದುಡ್ಡು. "ನಾಯಿಗೂ ಬಾಡಿಗೆಯಾ!" ಅಂದಳು ಅಮ್ಮ.

ಮನೆ ಕಂಬಗಳ ಮೇಲೆ, ಅದೂ ತಲೆಕೆಳಗು. ಮಲಗುವ ಕೋಣೆಗಳು ಕೆಳಗೆ, ಅಡುಗೆಮನೆ ಹಾಲ್ ಎಲ್ಲ ಮೇಲೆ, ಕಡಲು ಕಾಣಲಿ ಅಂತ. ಅಪ್ಪನ ಮಂಡಿಗೆ ಈ ಉಪಾಯ ಹಿಡಿಸಲಿಲ್ಲ. ಒಂದು ಸಲ ಮೇಲೆ ಹತ್ತಿದವರು ಊಟ, ನಿದ್ದೆ, ಇಸ್ಪೀಟು ಎಲ್ಲ ಮುಗಿಸಿಯೇ ಕೆಳಗಿಳಿಯುತ್ತಿದ್ದದ್ದು.

ಮೂವರು ನಾಯಿಗಳನ್ನು ಪರಿಚಯಿಸಬೇಕು. ನ್ಯೂಜೆರ್ಸಿಯ ತಮ್ಮನ ಮನೆಯ ಲ್ಯಾಬ್, ಬ್ರೂನೋ. ಅಟ್ಲಾಂಟಾದಿಂದ ಬಂದ ಗಂಡನ ಅಕ್ಕನವರ ಬೀಗಲ್, ಹೆಸರು ಚಕ್ಲಿ. ಅವರದೇ ಮನೆಯ ಹದಿಮೂರು ವರ್ಷದ ಇನ್ನೊಂದು, ಕಿವಿ ಕೇಳಿಸದ್ದು. ಅದು ವಾರವಿಡೀ ಫ್ರಿಜ್ಜಿನ ಮುಂದೆ ಮಲಗಿತ್ತು, ಅದರ ಬಗ್ಗೆ ಹೇಳಲು ಬೇರೇನೂ ಇಲ್ಲ.

ಅಮ್ಮ ಕುಂದಾಪುರದ ಕಡೆಯವಳು. ಅವಳ ಪ್ರಕಾರ ನಾಯಿ ಅಂದರೆ ಅಂಗಳದ್ದು. ತುಳಸಿಕಟ್ಟೆಯ ಆಚೆ ಅದರ ಜಾಗ, ಮಧ್ಯಾಹ್ನ ಉಳಿದ ಅನ್ನ-ಸಾರು ಅದರ ಪಾಲು, ಚಾವಡಿ ಹತ್ತಿದರೆ "ಹಚಾ!" ಇಲ್ಲಿ ಮೊದಲ ದಿನ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವಳ ತೊಡೆಗೆ ಬ್ರೂನೋ ಮೂತಿ ತಂದಿಟ್ಟ. "ಹಚಾ!" ಅಂದಳು. ಇಂಗ್ಲಿಷಿನಲ್ಲಿ ಬೆಳೆದ ಪ್ರಾಣಿ, ಅದಕ್ಕೇನು ಗೊತ್ತು? ಬಾಲ ಬಡಿದು ಇನ್ನೂ ಹತ್ತಿರ ಬಂತು. "ಹಚಾ ಹಚಾ!" ಮುಂಗಾಲೆರಡೂ ತೊಡೆಯ ಮೇಲೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಮೂರನೇ ದಿನಕ್ಕೆ, ಬ್ರೂನೋ ಎಲ್ಲೇ ಇರಲಿ, ಕರೆಯಬೇಕಾದರೆ ಮಕ್ಕಳು "ಹಚಾ" ಅನ್ನತೊಡಗಿದ್ದರು.

ನಮ್ಮ ದಿನಚರಿಯೂ ನಾಯಿಗಳದೇ. ಮಧ್ಯಾಹ್ನದ ಮರಳಿಗೆ ಅವುಗಳ ಅಂಗಾಲು ಸುಡುತ್ತದೆ. ಹಾಗಾಗಿ ಬೆಳಗ್ಗೆ ಬೇಗ ಒಮ್ಮೆ, ಬಿಸಿಲು ಇಳಿದ ಮೇಲೆ ಇನ್ನೊಮ್ಮೆ. ನಡುವೆ ಊಟ, ತೂಕಡಿಕೆ, ಇಸ್ಪೀಟಿನ 'ಇಪ್ಪತ್ತೆಂಟು' ಆಟ. ನಮ್ಮವರ ಟ್ರಿಪ್ ಅಂದರೆ ಮೂರು ದೇವಸ್ಥಾನ, ಒಂದು ಜಲಪಾತ, ಓಡು ಓಡು ಅಂತ ಅಲ್ಲವೇ? ಎರಡನೇ ದಿನ ಅಪ್ಪ ಕೇಳಿಯೇ ಬಿಟ್ಟರು, "ಇವತ್ತೆಂತ ಪ್ರೋಗ್ರಾಂ?" ಏನೂ ಇಲ್ಲ ಅಂದಾಗ ಅವರ ಮುಖ ನೋಡಬೇಕಿತ್ತು. ಅವರ ಸಮಾಧಾನಕ್ಕೆ ಅಂತ ಒಂದು ದಿನ ಡಾಂಬರು ಮುಗಿದ ಮೇಲೆ ಮರಳಲ್ಲೇ ಜೀಪು ಓಡಿಸಿಕೊಂಡು ಕೊರೊಲಾ ಎಂಬ ಊರಿನ ಕಾಡುಕುದುರೆ ನೋಡಿ ಬಂದೆವು. 50 ಅಡಿ ದೂರದಲ್ಲೇ ನಿಲ್ಲಬೇಕು. ಕುದುರೆಗಳು ನಮ್ಮನ್ನು ನೋಡಲೂ ಇಲ್ಲ.

ಅಮ್ಮನನ್ನು ನೀರಿನ ಹತ್ತಿರ ಕರೆತರುವುದೇ ಕಷ್ಟವಾಯಿತು. "ಆಸಾಡಿಯಗೆ ಯಾರಾದ್ರೂ ಕಡ್ಲಿಗ್ ಇಳಿತ್ರಾ ಹೆಣೆ?" ಊರಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲೇ. ಆ ತಿಂಗಳುಗಳ ಕಡಲಿನ ಮೊರೆತ ಕೇಳಿ ಬೆಳೆದವಳಿಗೆ ಜುಲೈಯಲ್ಲಿ ಮೊಮ್ಮಕ್ಕಳು ಅಲೆಗೆ ಹಾರುವುದು ಹುಚ್ಚಾಗಿಯೇ ಕಂಡಿರಬೇಕು. ಒಂದು ದಿನ ಕೆಂಪು ಬಾವುಟ ಏರಿಸಿ ಯಾರೂ ನೀರಿಗಿಳಿಯುವಂತಿಲ್ಲ ಅಂದಾಗ, ನಾನು ಹೇಳಲಿಲ್ಲವಾ ಎಂಬಂತೆ ನೋಡಿದಳು.

ಅವಳ ಮನಸ್ಸು ಕರಗಿದ್ದು ರಸ್ತೆ ನೋಡಿ. ಡಕ್‌ನಲ್ಲಿ ಒಂದು ಬದಿ ಅಟ್ಲಾಂಟಿಕ್, ಇನ್ನೊಂದು ಬದಿ ಕರಿಟಕ್ ಸೌಂಡ್ ಎಂಬ ಹಿನ್ನೀರು, ನಡುವೆ ಹೆದ್ದಾರಿ 12. "ಇದು ನಮ್ಮ ಮರವಂತೆಯೇ ಮಾರಾಯ್ತಿ! ಸೌಪರ್ಣಿಕೆ ಆಚೆ, ಕಡಲು ಈಚೆ." ದಿಕ್ಕು ಮಾತ್ರ ಉಲ್ಟಾ. ಇಲ್ಲಿ ಸೂರ್ಯ ಕಡಲಿಂದ ಏಳುತ್ತಾನೆ, ಹಿನ್ನೀರಿಗೆ ಇಳಿಯುತ್ತಾನೆ. ಕಡಲಿಗೆ ಮುಖ ಮಾಡಿ ಸೂರ್ಯನಮಸ್ಕಾರ ಮಾಡುವ ಭಾಗ್ಯ ಬಂತಲ್ಲ ಅಂತ ಅಪ್ಪನಿಗೂ ಖುಷಿ.

ಬುಧವಾರ ಅಂಗಡಿಯಿಂದ ಸ್ಪ್ಯಾನಿಷ್ ಮ್ಯಾಕೆರೆಲ್ ತಂದೆವು. ಅಂಜಲಿನ ಹತ್ತಿರದ ನೆಂಟ, ಮೈಮೇಲೆ ಹಳದಿ ಚುಕ್ಕೆ. ಅಮ್ಮ ಕಿವಿರು ಎತ್ತಿ ನೋಡಿ "ಅಡ್ಡಿಲ್ಲ" ಅಂದಳು. ಅವಳಿಂದ ಅಷ್ಟು ಬಂದರೆ ಪ್ರಶಸ್ತಿ. ಕೆಂಪಗೆ ಮೀನು ಸಾರು, ನೀರು ದೋಸೆ. ಒಂದೇ ಕಾವಲಿ, ಹದಿಮೂರು ಹೊಟ್ಟೆ. ಉಳಿದದ್ದನ್ನು ಬ್ರೂನೋಗೆ ಹಾಕಲು ಹೊರಟವಳನ್ನು ತಮ್ಮನ ಹೆಂಡತಿ ತಡೆದಳು: ಈರುಳ್ಳಿ ಆಗದು, ಮುಳ್ಳು ಆಗದು, ಖಾರ ಆಗದು. "ಹಾಗಾದ್ರೆ ಎಂತ ಆಗ್ತದೆ ಅದಕ್ಕೆ?" ಅಂತ ಅಮ್ಮ ಸಿಟ್ಟಾದಳು.

ಉತ್ತರ ಅದೇ ರಾತ್ರಿ ಸಿಕ್ಕಿತು. ಚೆಂಡು ತರುವ ಗಡಿಬಿಡಿಯಲ್ಲಿ ಬ್ರೂನೋ ಸಂಜೆಯೆಲ್ಲ ಉಪ್ಪುನೀರು ಕುಡಿದಿದ್ದ. ನಡುರಾತ್ರಿ ವಾಂತಿ, ಭೇದಿ, ಬಾಡಿಗೆ ಮನೆಯ ಬಿಳಿ ರಗ್ಗಿನ ಮೇಲೆಯೇ. ತಮ್ಮ ಡಾಕ್ಟರಿಗೆ ಫೋನ್ ಮಾಡಿದ. ಕೊಂಚ ಕೊಂಚ ಸಾದಾ ನೀರು ಕೊಡಿ, ಬೆಳಗ್ಗೆ ಬೇಯಿಸಿದ ಕೋಳಿಯ ಜೊತೆ ಸಪ್ಪೆ ಅನ್ನ ಮೆತ್ತಗೆ ಮಾಡಿ ಕೊಡಿ, ಉಪ್ಪು ಮಸಾಲೆ ಬೇಡ ಅಂದರಂತೆ. ಮೆಟ್ಟಿಲ ತುದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅಮ್ಮ, "ಗಂಜಿ ಅಂತ ಹೇಳುಕೆ ಡಾಕ್ಟ್ರ್ ಬೇಕಾ?" ಅಂದಳು.

ಐದು ಗಂಟೆಗೆ ನಾನು ಎದ್ದು ಮೇಲೆ ಹೋದಾಗ ಕುಕ್ಕರಿನ ಆವಿ ಇನ್ನೂ ಇಳಿದಿರಲಿಲ್ಲ. ಊರಿಂದ ತನಗಾಗಿ ತಂದಿದ್ದ ಕುಚ್ಚಲಕ್ಕಿ ಅದು. ಆರಿಸಿ, ಕೈಯಲ್ಲೇ ಹಿಸುಕಿ, ಸ್ಟೀಲ್ ಬಟ್ಟಲಿಗೆ ಹಾಕಿ, ಅಡುಗೆಮನೆಯ ನೆಲದ ಮೇಲೆ ಕೂತಳು. ಬ್ರೂನೋ ಮೂಸಿ ಮುಖ ತಿರುಗಿಸಿದ. ಒಂದು ತುತ್ತು ಅಂಗೈಯಲ್ಲಿ ಹಿಡಿದಳು. ನೆಕ್ಕಿದ. ಇನ್ನೊಂದು. ನಾಯಿಯ ಎಂಜಲು ಅಂದರೆ ಸ್ನಾನ ಮಾಡುತ್ತಿದ್ದವಳು! ನಾನು ನೋಡಿದ್ದು ಗೊತ್ತಾಗಿ, "ಹಸಿದ ಪ್ರಾಣಿ" ಅಂದು ಕೈ ತೊಳೆದಳು. ಹಿಂದೆ ಕಿಟಕಿಯಲ್ಲಿ ಕಡಲು ಕೆಂಪಾಗುತ್ತಿತ್ತು, ಇಬ್ಬರೂ ನೋಡಲಿಲ್ಲ.

ಶನಿವಾರ ಬೆಳಗ್ಗೆ 10ಕ್ಕೆ ಮನೆ ಖಾಲಿ ಮಾಡಬೇಕು. ರಗ್ಗಿನ ಕಲೆ ಹೋಗಲಿಲ್ಲ, ದಂಡ ಕಟ್ಟಿದೆವು. ಕಂಬಗಳ ನಡುವೆ ಇರುವ ಹೊರಗಿನ ಷವರಿನಲ್ಲಿ ನಾಯಿಗಳ ಮೈಯ ಮರಳು ತೊಳೆದು ಕಾರಿಗೆ ಹತ್ತಿಸಿದ್ದಾಯಿತು. ಅಮ್ಮ ಉಳಿದ ಕುಚ್ಚಲಕ್ಕಿಯನ್ನು ಜಿಪ್‌ಲಾಕ್ ಚೀಲಕ್ಕೆ ತುಂಬಿ ತಮ್ಮನ ಹೆಂಡತಿಯ ಕೈಗಿಟ್ಟಳು. "ಮೂರು ಸೀಟಿ ಸಾಕಾಗ್ತಿಲ್ಲೆ, ಆರು ಬೇಕು." ಕಾರು ಹೊರಟಾಗ ಬ್ರೂನೋ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಹಚಾ, ಹಚಾ, ಒಳಗೆ ಹೋಗು" ಅಂತ ಅಮ್ಮ ಕೈ ಬೀಸಿದಳು. ಅವನು ಕಿಟಕಿಯಿಂದ ಹಾರಿಯೇಬಿಡುತ್ತಿದ್ದ, ತಮ್ಮ ಗಾಜು ಏರಿಸಿದ.