ಮೋಡದ ದಿನ ನಾರ್ತ್ ಬೆರಿಕ್ ಲಾ ಗುಡ್ಡದ ಮೇಲೆ

ಮೇ ತಿಂಗಳ ಮೊದಲ ಸೋಮವಾರ ಸ್ಕಾಟ್ಲೆಂಡಿನಲ್ಲಿ ರಜೆ. ಎಡಿನ್‌ಬರೋದಲ್ಲಿರುವ ಮಗಳ ಮನೆಗೆ ಬಂದು ಆಗಲೇ ಎರಡು ವಾರವಾಗಿತ್ತು. ಅಂದು ಬೆಳಿಗ್ಗೆ ಆಕಾಶದ ತುಂಬ ಬೂದುಬಣ್ಣದ ಮೋಡ ಕವಿದಿತ್ತಾದರೂ ಮಳೆ ಬರುವ ಲಕ್ಷಣವಿರಲಿಲ್ಲ. ಉತ್ತರದ ದೊಡ್ಡ ಬೆಟ್ಟಗಳು ಇಂಥ ದಿನ ಮೋಡದೊಳಗೆ ಹುದುಗಿಬಿಡುತ್ತವೆ; ಕಷ್ಟಪಟ್ಟು ಹತ್ತಿದರೂ ಮಂಜಿನ ಹೊರತು ಏನೂ ಕಾಣುವುದಿಲ್ಲ. ಆದ್ದರಿಂದಲೇ ಮಗಳು ಮೋಡಕ್ಕೆ ಎಟುಕದಷ್ಟು ತಗ್ಗಾದ, ಕೇವಲ 187 ಮೀಟರ್ ಎತ್ತರದ ನಾರ್ತ್ ಬೆರಿಕ್ ಲಾ ಗುಡ್ಡವನ್ನು ಆರಿಸಿದ್ದಳು.

ವೇವರ್ಲಿ ನಿಲ್ದಾಣದಿಂದ ನಾರ್ತ್ ಬೆರಿಕ್ ಊರಿಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಸ್ಕಾಟ್ಸ್ ಭಾಷೆಯಲ್ಲಿ ‘ಲಾ’ ಎಂದರೆ ಗುಡ್ಡ. ಸಮತಟ್ಟಾದ ಹೊಲಗಳ ನಡುವೆ ಅದೊಂದೇ ಗೋಪುರದಂತೆ ಎದ್ದು ನಿಂತಿರುವುದಕ್ಕೆ ಕಾರಣವಿದೆ. ಮೂವತ್ಮೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಇಲ್ಲಿದ್ದ ಜ್ವಾಲಾಮುಖಿಯ ಗಂಟಲಲ್ಲಿ ಶಿಲಾರಸವು ಬಿರಡೆಯ ಹಾಗೆ ಗಟ್ಟಿಯಾಯಿತು. ಬಹುಕಾಲದ ನಂತರ ಪಶ್ಚಿಮದಿಂದ ಪೂರ್ವಕ್ಕೆ ಸರಿದ ಹಿಮನದಿಗಳು ಸುತ್ತಲಿನ ಮೆದುಕಲ್ಲನ್ನು ಉಜ್ಜಿಕೊಂಡು ಹೋದಾಗ ಈ ಬಿರಡೆ ಮಾತ್ರ ಜಗ್ಗದೆ ಉಳಿಯಿತು. ಎಡಿನ್‌ಬರೋ ಕೋಟೆ ಕುಳಿತಿರುವ ಬಂಡೆ ಹುಟ್ಟಿದ್ದೂ ಹೀಗೆಯೇ.

ಗುಡ್ಡದ ಬುಡದಿಂದಲೇ ಗೋರ್ಸ್ ಎಂಬ ಮುಳ್ಳುಪೊದೆಗಳು ಹಳದಿ ಹೂ ಹೊತ್ತು ನಿಂತಿದ್ದವು. ಒಂದು ಹೂವನ್ನು ಬೆರಳಲ್ಲಿ ಹೊಸಕಿ ಮೂಸಿದೆ. ಆಗತಾನೇ ತುರಿದ ಕೊಬ್ಬರಿಯ ವಾಸನೆ! ಬಿಸಿಲಿದ್ದರೆ ದೂರಕ್ಕೂ ಹರಡುವ ಆ ಪರಿಮಳಕ್ಕೆ ಅಂದಿನ ಚಳಿಯಲ್ಲಿ ಮೂಗನ್ನು ಹತ್ತಿರ ಒಯ್ಯಬೇಕಾಯಿತು. ಮುಳ್ಳು ಚುಚ್ಚಿದರೂ ಇನ್ನೆರಡು ಹೂ ಕಿತ್ತು ಜೇಬಿಗೆ ಹಾಕಿಕೊಂಡೆ.

ಅರ್ಧ ದಾರಿಯಲ್ಲಿ ಎಕ್ಸ್‌ಮೂರ್ ತಳಿಯ ಗಿಡ್ಡ ಕುದುರೆಗಳು ಮೇಯುತ್ತಿದ್ದವು. ಹುಲ್ಲು, ಪೊದೆಗಳು ಮಿತಿಮೀರಿ ಬೆಳೆಯದಿರಲೆಂದು ಅವನ್ನು ಇಲ್ಲಿ ಬಿಟ್ಟಿದ್ದಾರೆ. ಕಂದು ಮೈ, ಹಿಟ್ಟಿನಲ್ಲಿ ಅದ್ದಿ ತೆಗೆದಂತಹ ಮೂತಿ, ಕಣ್ಣಿನ ಸುತ್ತಲೂ ಅದೇ ನಸುಬಣ್ಣದ ಉಂಗುರ. ನಾವು ಪಕ್ಕದಲ್ಲೇ ಹಾದುಹೋದರೂ ಅವು ತಲೆಯೆತ್ತಲಿಲ್ಲ. “ಅಪ್ಪ, ಆತುರ ಬೇಡ, ಕೂತು ಹೋಗೋಣ” ಎಂದು ಮಗಳು ಎರಡು ಕಡೆ ಕೂರಿಸಿದಳು.

ನೆತ್ತಿಯ ಮೇಲೆ ತಿಮಿಂಗಿಲದ ದವಡೆಮೂಳೆಯ ಕಮಾನಿದೆ. ನಿಜವಾದ ಮೂಳೆಗಳು ಶಿಥಿಲವಾದ್ದರಿಂದ 2005ರಲ್ಲಿ ಅವನ್ನು ಇಳಿಸಿ, 2008ರಲ್ಲಿ ಫೈಬರ್‌ಗ್ಲಾಸ್‌ನ ಪ್ರತಿಕೃತಿ ನಿಲ್ಲಿಸಿದರು. ಪಕ್ಕದಲ್ಲೇ ನೆಪೋಲಿಯನ್ ಯುದ್ಧಕಾಲದ ಕಾವಲುಮನೆಯ ಗೋಡೆಗಳಿವೆ. ಗಾಳಿಗೆ ಆ ಗೋಡೆಯ ಮರೆ ಹಿಡಿದು ಕುಳಿತಾಗಲೇ ಈಶಾನ್ಯಕ್ಕೆ ಸಮುದ್ರದಲ್ಲಿ ಬ್ಯಾಸ್ ರಾಕ್ ಕಂಡದ್ದು.

ಕಡಲು, ಆಕಾಶ, ಹೊಲ ಎಲ್ಲವೂ ಒಂದೇ ಬೂದಿಯಲ್ಲಿ ಮುಳುಗಿದ್ದರೆ, ನೂರು ಮೀಟರಿಗೂ ಎತ್ತರದ ಆ ಬಂಡೆಯ ಮೇಲೆ ಮಾತ್ರ ಬಿಸಿಲು ಬಿದ್ದಂತೆ ಬೆಳ್ಳಗಿತ್ತು. ಮೋಡದಲ್ಲಿ ಎಲ್ಲಿ ಸಂದು ಬಿಟ್ಟಿದೆಯೋ ಎಂದು ಮೇಲೆ ಹುಡುಕಿದೆ, ಎಲ್ಲಿಯೂ ಇರಲಿಲ್ಲ. ಆ ಬಿಳುಪು ಗ್ಯಾನೆಟ್ ಹಕ್ಕಿಗಳದ್ದು ಮತ್ತು ಅವುಗಳ ಹಿಕ್ಕೆಯದ್ದು. ಬಿಸಿಲಿನ ದಿನ ಹೊಳೆಯುವ ನೀರಿನ ಎದುರು ಅದು ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲವೆಂದೇ ನನಗೆ ಅನ್ನಿಸುತ್ತದೆ. ಈ ಹಕ್ಕಿಯ ವೈಜ್ಞಾನಿಕ ಹೆಸರಿನಲ್ಲಿರುವ ‘ಬಸಾನಸ್’ ಎಂಬುದು ಈ ಬಂಡೆಯಿಂದಲೇ ಬಂದದ್ದು. 2014ರ ಎಣಿಕೆಯಲ್ಲಿ ಇಲ್ಲಿ ಸುಮಾರು 75,000 ಗೂಡುಗಳಿದ್ದವು. 2022ರ ಬೇಸಿಗೆಯಲ್ಲಿ ಹಕ್ಕಿಜ್ವರ ತಗುಲಿ ಸಾವಿರಾರು ಗ್ಯಾನೆಟ್‌ಗಳು ಸತ್ತವು; ಮರುವರ್ಷ ಡ್ರೋನ್ ಹಾರಿಸಿ ಎಣಿಸಿದಾಗ ಸಿಕ್ಕದ್ದು ಸುಮಾರು 52,000. ದೂರದಿಂದ ಅಖಂಡವಾಗಿ ಕಾಣುತ್ತಿದ್ದ ಆ ಬಿಳುಪಿನೊಳಗೆ ಅಷ್ಟು ಗೂಡುಗಳು ಬರಿದಾಗಿದ್ದವೆಂದು ಮಗಳು ಹೇಳಿದಾಗ ಬಹಳ ಹೊತ್ತು ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಇಳಿಯುವುದು ಬೇಗ ಮುಗಿಯಿತು. ಬಂದರಿನ ಬಳಿಯ ಸ್ಕಾಟಿಷ್ ಸೀಬರ್ಡ್ ಸೆಂಟರ್‌ನಲ್ಲಿ ಬಂಡೆಯ ಮೇಲಿನ ಕ್ಯಾಮೆರಾದ ನೇರ ದೃಶ್ಯ ತೋರಿಸುತ್ತಾರೆ. ಗ್ಯಾನೆಟ್‌ನ ಕಣ್ಣು ಸಾಮಾನ್ಯವಾಗಿ ತಿಳಿನೀಲಿ. ಜ್ವರ ಬಂದು ಬದುಕಿದ ಎಷ್ಟೋ ಹಕ್ಕಿಗಳಲ್ಲಿ ಆ ನೀಲಿ ಕಪ್ಪಾಗಿದೆ. ಪರದೆಯ ತುಂಬ ನೀಲಿ ಕಣ್ಣುಗಳನ್ನೇ ನೋಡುತ್ತಾ ನಿಂತಿದ್ದಾಗ ಅಂಚಿನಲ್ಲಿ ಕಪ್ಪು ಕಣ್ಣಿನದೊಂದು ಕಾಣಿಸಿತು. ಅದು ಎದ್ದು, ತನ್ನ ಅಗಲವಾದ ಜಾಲಪಾದಗಳನ್ನು ಒಂದೊಂದಾಗಿ ಮೊಟ್ಟೆಯ ಮೇಲೆ ಇರಿಸಿ, ಮತ್ತೆ ಕಾವಿಗೆ ಕುಳಿತುಕೊಂಡಿತು.