ವರ್ಷ ತಗೊಂಡೆ, ಆದರೆ ಎರಡು ವರ್ಷ ತಡವಾಗಿ

ಕಳೆದ ವಾರ ನಮ್ಮ ಕಾಲೇಜಿನ ಜೂನಿಯರ್ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಏಳನೇ ಸೆಮ್‌ನಲ್ಲಿದ್ದಾಳೆ. ಕೈಯಲ್ಲಿ ಒಂದು ಆಫರ್ ಇದೆ, ವರ್ಷಕ್ಕೆ ಮೂರೂವರೆ ಲಕ್ಷ. ಆದರೆ ಮನಸ್ಸು ಅಲ್ಲಿಲ್ಲ. ಒಂದು ವರ್ಷ ಎಲ್ಲಿಗೂ ಸೇರದೆ ಕೂತು ಗೇಟ್‌ಗೆ, ಅಂದರೆ ಎಂ.ಟೆಕ್‌ನ ಪ್ರವೇಶ ಪರೀಕ್ಷೆಗೆ ಓದಬೇಕು, ಎಂ.ಟೆಕ್ ಮಾಡಬೇಕು ಅಂತ ಆಸೆ. "ಅಕ್ಕಾ, ನೀವು ಹೆಂಗ ಹೇಳ್ತೀರಿ ಹಂಗ ಮಾಡ್ತೀನಿ" ಅಂದಳು. ಹಾಗೆ ಮಾತ್ರ ಮಾಡಬೇಡ ಅಂದೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಯಾಕೆಂದರೆ ಎರಡು ವರ್ಷದ ಹಿಂದೆ ನಾನೂ ಅವಳು ನಿಂತ ಜಾಗದಲ್ಲೇ ನಿಂತಿದ್ದೆ, ಆಗ ನನಗೆ ಸಿಕ್ಕ ಸಲಹೆಗಳೆಲ್ಲ ಬೇರೆ ಥರದ ಮನೆಯವರು ಕೊಟ್ಟ ಸಲಹೆಗಳು.

ನಮ್ಮೂರು ರೋಣ ತಾಲ್ಲೂಕಿನಲ್ಲಿ. ಎರೆಹೊಲದ ಸೀಮೆ. ನಾಲ್ಕು ಎಕರೆ ಇದೆ, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಒಂದಿಷ್ಟು ಜೋಳ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. 2023ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿದೆ, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್. ನಾಲ್ಕನೇ ಸೆಮ್‌ನಲ್ಲಿ ನಮ್ಮ ಮೇಡಂ ಒಬ್ಬರು ಮೊಬೈಲಿನಲ್ಲಿ ಕೊಳಲಿನ ಒಂದು ಸ್ವರ ನುಡಿಸಿ, ಅದೇ ಸ್ವರವನ್ನು ಸಾಫ್ಟ್‌ವೇರಿನಲ್ಲಿ ಬಿಡಿಸಿ, ನೋಡಿ, ಇದರೊಳಗೆ ಇಷ್ಟು ಅಲೆಗಳು ಕೂಡಿಕೊಂಡಿವೆ ಅಂತ ತೋರಿಸಿದ್ದರು. ಆವತ್ತು ಹಾಸ್ಟೆಲ್ಲಿಗೆ ಬಂದು ರಾತ್ರಿ ಎರಡರ ತನಕ ಹೀಗೆ ಅಲೆಗಳನ್ನು ಬಿಡಿಸುವ ಫೋರಿಯರ್ ಲೆಕ್ಕ ಮಾಡುತ್ತಾ ಕೂತಿದ್ದೆ, ಪರೀಕ್ಷೆಗಲ್ಲ, ಸುಮ್ನೆ. ಮುಂದೆ ಓದಬೇಕು ಅನ್ನುವುದು ಆ ರಾತ್ರಿಯೇ ತಲೆಗೆ ಬಂತು.

ಕ್ಯಾಂಪಸ್‌ನಲ್ಲಿ ನನಗೂ ಒಂದು ಸಾಫ್ಟ್‌ವೇರ್ ಕಂಪನಿಯ ಆಫರ್ ಬಂದಿತ್ತು. ಸೆಪ್ಟೆಂಬರ್‌ನಲ್ಲಿ ಸೇರಬೇಕು. ಹದಿನೆಂಟು ತಿಂಗಳ ಒಳಗೆ ಬಿಟ್ಟರೆ 75,000 ರೂಪಾಯಿ ಕಟ್ಟಬೇಕು ಅಂತ ಅಗ್ರಿಮೆಂಟ್. ನಾನು ಬೇಡ ಅನ್ನುವ ತೀರ್ಮಾನಕ್ಕೆ ಬಂದೇಬಿಟ್ಟಿದ್ದೆ. ಊರಲ್ಲೇ ಇರುತ್ತೇನೆ, ಮನೆ ಊಟ, ರೂಮಿನ ಖರ್ಚಿಲ್ಲ, ಎಂಟು ತಿಂಗಳು ಓದಿ ಫೆಬ್ರುವರಿಯಲ್ಲಿ ಪರೀಕ್ಷೆ ಬರೆಯುತ್ತೇನೆ. ಲೆಕ್ಕ ಸರಿಯಾಗೇ ಇತ್ತು. ಎಜುಕೇಶನ್ ಲೋನ್ ಎರಡೂವರೆ ಲಕ್ಷ ಇತ್ತು, ಆದರೆ ಕೋರ್ಸ್ ಮುಗಿದ ಮೇಲೆ ಒಂದು ವರ್ಷದ ತನಕ ಕಂತು ಶುರುವಾಗುವುದಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ, ಅದು ಬೇರೆ ಮಾತು.

ಆ ವರ್ಷ ಜೂನ್ ಪೂರ್ತಿ ಮಳೆ ಕೈಕೊಟ್ಟಿತು. ಹೆಸರು ಬಿತ್ತಿದ್ದೇ ತಡವಾಗಿ, ಆಗಸ್ಟ್‌ನಲ್ಲಿ ಮತ್ತೆ ಮಳೆ ಇಲ್ಲ, ಬಿತ್ತಿದ್ದು ಕಣ್ಣೆದುರೇ ಬಾಡಿತು. ಆಮೇಲೆ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿತು, ನಮ್ಮದೂ ಅದರಲ್ಲಿತ್ತು. ಆದರೂ ಅಪ್ಪ ದುಡ್ಡಿನ ಮಾತೇ ಎತ್ತಲಿಲ್ಲ. "ನಿನಗ ಹೆಂಗ ಅನಸ್ತೈತಿ ಹಂಗ ಮಾಡವಾ" ಅಂತ ಅಷ್ಟೇ ಅಂದರು.

ನನ್ನ ಲೆಕ್ಕ ತಪ್ಪಿದ್ದು ದುಡ್ಡಿನಲ್ಲಲ್ಲ. ರಿಸಲ್ಟ್ ಬಂದ ಹದಿನೈದು ದಿನದಲ್ಲಿ ಎರಡು ಸಂಬಂಧ ಬಂದವು. ಹುಡುಗಿಯ ಓದು ಮುಗಿದಿದೆ, ಮನೆಯಲ್ಲಿದ್ದಾಳೆ ಅನ್ನುವ ಸುದ್ದಿ ನಮ್ಮ ಕಡೆ ಎಷ್ಟು ಬೇಗ ಹಬ್ಬುತ್ತದೆ ಅಂದರೆ, ನಾನಿನ್ನೂ ಹಾಸ್ಟೆಲ್ಲಿನ ಟ್ರಂಕ್ ಬಿಚ್ಚಿರಲಿಲ್ಲ. ಸೋದರಮಾವ ಬಂದು ಪಡಸಾಲೆಯಲ್ಲಿ ಕೂತು, "ಪರೀಕ್ಷಾ ಲಗ್ನ ಆದಮ್ಯಾಲೂ ಬರೀಬಹುದಲ್ಲ" ಅಂದರು. ಅವರು ಕೆಟ್ಟವರಲ್ಲ, ನನ್ನ ಫೀ ಕಟ್ಟಲು ಎರಡು ಸಲ ಕೈಗಡ ಕೊಟ್ಟವರು. ನಾನು ಓದುತ್ತಿದ್ದೇನೆ ಅಂತ ಎಷ್ಟು ಸಲ ಹೇಳಿದರೂ ಅವರ ಕಣ್ಣಿಗೆ ನಾನು ಮನೆಯಲ್ಲಿ ಸುಮ್ನೆ ಇರುವ ಹುಡುಗಿಯೇ. ಕಾಲೇಜಿಲ್ಲ, ಆಫೀಸಿಲ್ಲ, ಅಂದರೆ ಖಾಲಿ ಇದ್ದಾಳೆ.

ಆವತ್ತು ರಾತ್ರಿ ಅವ್ವ ಪಾತ್ರೆ ತೊಳೆಯುತ್ತಾ, ತಿರುಗಿ ನೋಡದೆ ಹೇಳಿದಳು: "ನೀ ಕೆಲಸಕ್ಕ ಹೋಗು. ಮನ್ಯಾಗ ಕುಂತರ ನಾ ಒಬ್ಬಾಕಿ ಎಷ್ಟ ದಿನ ತಡೀಲಿ?"

ಅವ್ವನಿಗೆ ಗೇಟ್ ಅಂದರೆ ಏನು ಅಂತ ಸರಿಯಾಗಿ ಗೊತ್ತಿಲ್ಲ. ಆದರೆ ಇಡೀ ಪ್ರಶ್ನೆ ನನಗಿಂತ ಅವಳಿಗೇ ಚೆನ್ನಾಗಿ ಅರ್ಥವಾಗಿತ್ತು. ನಾನು ಕೇಳಿಕೊಂಡಿದ್ದು ಒಂದು ವರ್ಷ. ಆ ವರ್ಷವನ್ನು ಮನೆಯ ಬಾಗಿಲಲ್ಲಿ ನಿಂತು ಕಾಯಬೇಕಾಗಿದ್ದವಳು ಅವಳು. ಬಂದವರಿಗೆ ಚಹಾ ಕೊಟ್ಟು, ನೆಪ ಹೇಳಿ, ಬೈಸಿಕೊಂಡು. ಕೆಲಸಕ್ಕೆ ಹೋಗು ಅಂದದ್ದು ಓದಬೇಡ ಅಂತಲ್ಲ, ಅದು ನನಗೆ ಗೊತ್ತಾಗಲು ಸ್ವಲ್ಪ ದಿನ ಬೇಕಾಯಿತು. ಮೊದಲು ತುಂಬಾ ಅತ್ತಿದ್ದೆ.

ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಹೋದೆ. ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟೆಸ್ಟಿಂಗ್ ಪ್ರಾಜೆಕ್ಟ್, ಎಲೆಕ್ಟ್ರಾನಿಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ, ಜೊತೆಯವರು ಒಳ್ಳೆಯವರಿದ್ದರು. ಕೈಗೆ ಬರುತ್ತಿದ್ದದ್ದು ಸುಮಾರು 25,000. ಪಿಜಿಗೆ 8,500, ಮನೆಗೆ 4,000. ಮೊದಲ ಸಂಬಳದಲ್ಲಿ ಮಾವನ ಕೈಗಡ ತೀರಿಸಿದೆ. ದೀಪಾವಳಿಗೆ ಊರಿಗೆ ಹೋದಾಗ ಅದೇ ಮಾವ, ಅದೇ ಪಡಸಾಲೆಯಲ್ಲಿ ಕೂತು, "ಬೆಂಗಳೂರಾಗ ಹೆಂಗ ಐತಿ ಕೆಲಸ?" ಅಂತ ಕೇಳಿದರು. ಲಗ್ನದ ಮಾತು ಬರಲಿಲ್ಲ ಅಂತಲ್ಲ, ಬಂತು, ಆದರೆ ಈ ಸಲ ನನ್ನನ್ನೇ ಕೇಳಿದರು. ಎರಡು ತಿಂಗಳ ಸಂಬಳ ಇಷ್ಟು ಮಾಡಿತ್ತು. ಇದು ಸರಿಯೋ ತಪ್ಪೋ ಅಂದರೆ ತಪ್ಪೇ. ದುಡಿಯದ ಹುಡುಗಿಯ ಮಾತಿಗೂ ಅಷ್ಟೇ ಬೆಲೆ ಇರಬೇಕು. ಆದರೆ ನನ್ನ ಮನೆಯಲ್ಲಿ, 2023ರಲ್ಲಿ, ಇರಲಿಲ್ಲ.

ಕೆಲಸ ಮಾಡುತ್ತಲೇ ಓದಬಹುದಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಕೆಲವರಿಗೆ ಆಗುತ್ತದೆ. ನನಗೆ ಆಗಲಿಲ್ಲ. ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತು ಬಂದು, ಒಂಬತ್ತಕ್ಕೆ ಊಟ ಮಾಡಿ, ಪುಸ್ತಕ ತೆಗೆದರೆ ಹತ್ತನೇ ನಿಮಿಷಕ್ಕೆ ನಿದ್ದೆ. 2025ರ ಫೆಬ್ರುವರಿಯಲ್ಲಿ ಹಾಗೇ ಹೋಗಿ ಗೇಟ್ ಬರೆದೆ, ಕಟ್‌ಆಫ್ ದಾಟಲಿಲ್ಲ. ಕಾಲೇಜಿನಲ್ಲಿ ಬೆರಳ ತುದಿಯಲ್ಲಿದ್ದ ಡಿಫರೆನ್ಶಿಯಲ್ ಈಕ್ವೇಶನ್‌ಗಳು ಪರೀಕ್ಷೆ ಹಾಲ್‌ನಲ್ಲಿ ಅಪರಿಚಿತರಂತೆ ಕಂಡವು. ಮೊದಲು ಕೆಲಸ ಮಾಡಿದ್ದಕ್ಕೆ ನಾನು ಕಳೆದುಕೊಂಡದ್ದು ಇದು, ಸಣ್ಣದಲ್ಲ.

ಹದಿನೆಂಟು ತಿಂಗಳು ಮುಗಿದ ಮೇಲೆ ರಾಜೀನಾಮೆ ಕೊಟ್ಟೆ. ಎರಡು ತಿಂಗಳ ನೋಟಿಸ್ ಮುಗಿಸಿ ಮೇ ಕೊನೆಗೆ ಹೊರಬಂದಾಗ ಉಳಿತಾಯ 1,30,000 ಇತ್ತು. ಲೋನ್ ಕಂತು ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ಉಳಿಸಿದ್ದೇ ಹೆಚ್ಚು. ಈಗ ಧಾರವಾಡದ ಸಪ್ತಾಪುರದಲ್ಲಿದ್ದೇನೆ. ರೂಮಿನ ಪಾಲು 3,000, ಖಾನಾವಳಿ 3,000, ಓದುವ ಕೋಣೆಗೆ ತಿಂಗಳಿಗೆ 700, ಲೋನ್ ಕಂತು 4,500. ಎಲ್ಲ ಸೇರಿ ಹನ್ನೊಂದು ಸಾವಿರದ ಆಚೀಚೆ. ಊರಿಗೆ ಹೋಗಿಬರಲು ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಹೆಂಗಸರಿಗೆ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಇದೆ. ಆ ಉಳಿತಾಯ ಹನ್ನೊಂದು ತಿಂಗಳಿಗೆ ಸಾಕು. ಈ ವರ್ಷಕ್ಕೆ ನಾನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ, ಹಾಗಾಗಿ ಓದುವಾಗ ತಲೆಯಲ್ಲಿ ಓದು ಮಾತ್ರ ಇರುತ್ತದೆ.

ನನ್ನ ರೂಮ್‌ಮೇಟ್ ನನ್ನದೇ ಬ್ಯಾಚಿನವಳು. ಅವಳು ಕಾಲೇಜು ಮುಗಿದ ತಕ್ಷಣವೇ ವರ್ಷ ತಗೊಂಡಳು. ಅವಳ ತಾಯಿ ಶಾಲೆಯ ಟೀಚರ್, ಮನೆಯಲ್ಲಿ ಒತ್ತಡವಿರಲಿಲ್ಲ. 2024ರ ಜನವರಿಯಲ್ಲಿ ಯುವನಿಧಿ ಶುರುವಾದಾಗ ನಮ್ಮ ಬ್ಯಾಚೇ ಮೊದಲನೆಯದು, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಎರಡು ವರ್ಷದ ತನಕ. ಅವಳ ರೂಮಿನ ಬಾಡಿಗೆ ಅದರಲ್ಲೇ ಹೋಗುತ್ತಿತ್ತು. ಓದಿನಲ್ಲಿ ನನಗಿಂತ ಗಟ್ಟಿ. ಆದರೆ ಅವಳು ಓದುತ್ತಿರುವುದು ಸರ್ಕಾರಿ ನೇಮಕಾತಿಗೆ. ಒಂದು ಅಧಿಸೂಚನೆ ಬರಲು ಆರು ತಿಂಗಳು, ಪರೀಕ್ಷೆ ಮುಂದಕ್ಕೆ, ಆಮೇಲೆ ಕೋರ್ಟು, ಆಮೇಲೆ ಪಟ್ಟಿಗಾಗಿ ಕಾಯುವುದು. ಒಂದು ವರ್ಷ ಅಂತ ಬಂದವಳಿಗೆ ಇದು ಮೂರನೇ ವರ್ಷ. ಅವಳದೇನೂ ತಪ್ಪಿಲ್ಲ. ಗೇಟ್ ಪ್ರತಿ ವರ್ಷ ಫೆಬ್ರುವರಿಯಲ್ಲಿ ನಡೆದೇ ನಡೆಯುತ್ತದೆ, ಮಾರ್ಚ್‌ನಲ್ಲಿ ಫಲಿತಾಂಶ ಬರುತ್ತದೆ, ಹಾಗಾಗಿ ನನ್ನ ವರ್ಷಕ್ಕೆ ಒಂದು ಕೊನೆಯಿದೆ. ಅವಳ ವರ್ಷದ ಕೊನೆ ಅವಳ ಕೈಯಲ್ಲಿಲ್ಲ. ರಾತ್ರಿ ಲೈಟ್ ಆರಿಸಿದ ಮೇಲೂ ಅವಳು ಮೊಬೈಲಿನಲ್ಲಿ ಪಟ್ಟಿ ಬಂತಾ ಅಂತ ನೋಡುತ್ತಿರುತ್ತಾಳೆ. ಪಕ್ಕದಲ್ಲಿ ಮಲಗಿದ ನನಗೆ ಸಂಕಟವಾಗುತ್ತದೆ.

ಇಷ್ಟೆಲ್ಲ ಕೇಳಿ ಜೂನಿಯರ್ ಹುಡುಗಿ, "ಅಂದ್ರ ನಾನೂ ಮೊದಲು ಕೆಲಸಕ್ಕ ಹೋಗಬೇಕೇನ್ರಿ?" ಅಂದಳು. ಅಲ್ಲ. ನಿನ್ನ ಮನೆ ಆ ಒಂದು ವರ್ಷವನ್ನು ನಿನಗಾಗಿ ಬಿಟ್ಟುಕೊಡುವುದಾದರೆ ಈಗಲೇ ತಗೋ, ಗಣಿತ ಇನ್ನೂ ತಲೆಯಲ್ಲಿದೆ, ನನಗೆ ಸಿಗದೆ ಹೋದದ್ದು ಅದೇ. ಆದರೆ ಅಪ್ಪ ಸರಿ ಅಂದರು ಅಂತ ನಂಬಿ ಕೂರಬೇಡ. ಮನೆಗೆ ಬಂದವರಿಗೆ ಬಾಗಿಲಲ್ಲಿ ಉತ್ತರ ಕೊಡುವವರು ಯಾರು, ಅವರನ್ನು ಕೇಳು. ಅವಳು ಈ ಫೆಬ್ರುವರಿಯ ಗೇಟ್‌ಗೆ ಅರ್ಜಿ ಹಾಕಿದ್ದಾಳಂತೆ. ಒಳ್ಳೆಯದಾಯಿತು. ಮೂರನೇ ವರ್ಷದಲ್ಲೇ ಬರೆಯಬಹುದು ಅನ್ನುವುದು ನನಗೆ ಗೊತ್ತೇ ಇರಲಿಲ್ಲ, ಯಾರೂ ಹೇಳಿರಲಿಲ್ಲ. ಸ್ಕೋರ್ ಮೂರು ವರ್ಷ ನಡೆಯುತ್ತದೆ. ಬರೆದು ನೋಡು, ಮಾರ್ಚ್‌ನಲ್ಲಿ ಸ್ಕೋರ್ ಬರಲಿ, ಆಫರ್ ಅಲ್ಲಿಯವರೆಗೆ ಕೈಯಲ್ಲೇ ಇರಲಿ. ಎಂ.ಟೆಕ್ ಸಿಕ್ಕರೆ ತಿಂಗಳಿಗೆ 12,400 ಸ್ಟೈಪೆಂಡ್ ಬರುತ್ತದೆ, ಮನೆಯಲ್ಲಿ ಆ ಅಂಕಿ ಹೇಳು. ನಮ್ಮ ಮನೆಗಳಲ್ಲಿ ಅದಕ್ಕೆ ಕಿವಿ ಕೊಡುತ್ತಾರೆ.

ಆಫರ್ ಬಿಟ್ಟರೆ ಮುಂದೆ ಇಂಟರ್‌ವ್ಯೂನಲ್ಲಿ ಗ್ಯಾಪ್ ಯಾಕೆ ಅಂತ ಕೇಳುತ್ತಾರಾ ಅಂತಲೂ ಕೇಳಿದಳು. ಕೇಳುತ್ತಾರೆ. ಅದಕ್ಕಿಂತ ದೊಡ್ಡದು ಬ್ಯಾಚಿನ ಷರತ್ತು. ಫ್ರೆಶರ್‌ಗಳನ್ನು ತಗೊಳ್ಳುವಾಗ ಇಂಥ ವರ್ಷ ಪಾಸಾದವರು ಮಾತ್ರ ಅಂತ ಎಷ್ಟೋ ಕಂಪನಿಗಳು ಹಾಕುತ್ತವೆ. ಇದನ್ನು ತಿಳಿದುಕೊಂಡೇ ಬಿಡಬೇಕು.

ನಿನ್ನೆ ಸಂಜೆ ಅವ್ವ ಫೋನ್ ಮಾಡಿದ್ದಳು. ಕಡಲೆ ಹೂ ಬಿಟ್ಟಿದೆಯಂತೆ, ಈ ಸಲ ಬೆಳೆ ಚೆನ್ನಾಗಿದೆಯಂತೆ. ನನ್ನ ಪರೀಕ್ಷೆ ಎಂದು ಅಂತ ಮತ್ತೆ ಕೇಳಿದಳು. ಫೆಬ್ರುವರಿ ಅಂದೆ. ಅವಳು ತಿಂಗಳನ್ನು ಬೆಳೆಯಲ್ಲೇ ಎಣಿಸುವವಳು, ಸ್ವಲ್ಪ ಹೊತ್ತು ಸುಮ್ಮನಿದ್ದು, ಕಡಲೆ ಕೀಳುವ ಹೊತ್ತಿಗೇ ಬಂತಲ್ಲ ಅಂದಳು. ಪ್ರತಿ ವರ್ಷ ಕೀಳುವಾಗ ನಾನು ಇರುತ್ತಿದ್ದೆ, ಬೆಂಗಳೂರಿನಲ್ಲಿದ್ದಾಗಲೂ ಎರಡು ದಿನ ರಜೆ ಹಾಕಿ ಹೋಗಿದ್ದೆ. ನಾನೇನೋ ಹೇಳಲು ಹೋದೆ. ಅವಳೇ ಮಾತು ಮುಗಿಸಿದಳು:

"ನೀ ಬರಬ್ಯಾಡ. ಆಳು ಹೇಳೀನಿ."